ಗೆರೆ ಅಳಿಸಿದ ಪಟ್ಟಿ

ಅಜ್ಜಿಯರ ಅಜ್ಜಿಗೂ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ ಏಳ್ಕೆರೆ ಎಂಬ ರಾಜ್ಯವಿತ್ತು. ಮೂರು ದಿಕ್ಕಿಗೆ ಬೆಟ್ಟ, ಒಂದು ದಿಕ್ಕಿಗೆ ಬರೀ ಮಂಜು. ಅಲ್ಲಿಯ ಅರಸು ಚೆನ್ನಬೀರರಾಯ. ಕೆಟ್ಟವನಲ್ಲ, ಆದರೆ ಚೌಕಾಬಾರದ ಮಣೆ ಕಂಡರೆ ಊಟ, ನಿದ್ದೆ, ರಾಜ್ಯ ಮೂರನ್ನೂ ಮರೆಯುತ್ತಿದ್ದ. ಒಬ್ಬೊಬ್ಬ ಅರಸಿಗೆ ಒಂದೊಂದು ರೋಗ, ಇವನದು ಇದು.

ಆ ರಾಜ್ಯದಲ್ಲಿ ಪಟ್ಟಿ ಬರೆಯುವ ಸಂಕವ್ವ ಇದ್ದಳು. ಮದುವೆಗೆ ಯಾರನ್ನು ಕರೆಯಬೇಕು, ಬಾಣಂತಿಗೆ ಏನೇನು ಬೇಕು, ದೂರದೂರಿಗೆ ಹೊರಟವನ ಬುತ್ತಿಗಂಟಿನಲ್ಲಿ ಏನಿರಬೇಕು, ಎಲ್ಲಕ್ಕೂ ಜನ ಅವಳ ಜಗುಲಿಗೇ ಬರುತ್ತಿದ್ದರು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಉದ್ದನೆಯ ಕಪ್ಪು ಬಟ್ಟೆಯ ಕಡತ ಅವಳದು. ಅದನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿ, ಬಳಪದಲ್ಲಿ ಒಂದರ ಕೆಳಗೊಂದು ಬರೆದು, ಮುಗಿದ ಮೇಲೆ ಕೆಳಗೊಂದು ಗೆರೆ ಎಳೆಯುವಳು. ಅವಳ ಕಸುಬಿನವರಿಗೆ ಒಂದೇ ಕಟ್ಟುಪಾಡು: ಪಟ್ಟಿ ಬರೆಯುವವಳು ತನ್ನ ಹೆಸರನ್ನು ಅದರಲ್ಲಿ ಬರೆಯಕೂಡದು.

ಒಂದು ಮಧ್ಯಾಹ್ನ ಮಂಜಿನ ದಿಕ್ಕಿನಿಂದ ಗುಳುಂಬನೆಂಬ ಮಾಯಾವಿ ಬಂದು ಅರಸನೊಡನೆ ಚೌಕಾಬಾರಕ್ಕೆ ಕೂತ. ಒಂಬತ್ತು ಆಟ ಗೆದ್ದ. ಹತ್ತನೆಯದಕ್ಕೆ ಅರಸು, "ಸೋತರೆ ನೀನು ಕೇಳಿದ್ದು ಕೊಡ್ತೀನಿ" ಅಂದ. ಸೋತ.

"ನನಗೇನೂ ದುರಾಸೆ ಇಲ್ಲ, ಅರಸು" ಎಂದ ಗುಳುಂಬ. "ನಿನ್ನ ರಾಜ್ಯದಲ್ಲಿ ಏನೇನಿದೆಯೋ ಅದರದೊಂದು ಪಟ್ಟಿ ಬರೆಸು. ಅದರಲ್ಲಿ ಇರೋದೆಲ್ಲ ನಿನ್ನದು. ಪಟ್ಟಿ ಮುಗಿದ ಮೇಲೆ, ಅದರಲ್ಲಿ ಇಲ್ಲದ್ದು ನನ್ನದು."

"ಅಷ್ಟೇನಾ?"

"ಅಷ್ಟೇ."

ಅಗ್ಗದಲ್ಲಿ ಪಾರಾದೆನೆಂದು ಅರಸು ಎರಡು ಲಾಡು ಹೆಚ್ಚಿಗೆ ತಿಂದ. ಸಂಕವ್ವ ಬರೆಯಲು ಕೂತಳು. ನಲವತ್ತು ದಿನ ಬರೆದಳು. ಮನುಷ್ಯರು, ದನ, ಕೋಳಿ. ಬಾವಿ, ಬಾವಿಯ ಕಪ್ಪೆ. ಗುಡ್ಡದ ಒಂಟಿ ಹುಣಸೆಮರ, ಅದರ ನೆರಳು. ತೊಟ್ಟಿಲ ಕೂಸಿನ ಬಿಕ್ಕಳಿಕೆ. ಮಗಳು ದ್ಯಾವಿ ಪಕ್ಕದಲ್ಲಿ ಕೂತು ಮರೆತದ್ದನ್ನು ನೆನಪಿಸುತ್ತಿದ್ದಳು. ನಲವತ್ತನೆಯ ದಿನ ಬರೆಯಲು ಏನೂ ಉಳಿಯಲಿಲ್ಲ.

"ಅವ್ವಾ, ನಿನ್ನ ಹೆಸರು ಬರ್ಕೋ" ಎಂದಳು ದ್ಯಾವಿ.

"ಸುಮ್ನಿರೇ. ಬಡಿಸೋಳು ಪಂಕ್ತೀಲಿ ಕೂತ್ಕೋತಾಳೇನು? ನೋಡಿದೋರು ನಗ್ತಾರೆ."

ಸಂಕವ್ವ ಗೆರೆ ಎಳೆದಳು. ಬಳಪ ನೆಲಕ್ಕೆ ಬಿತ್ತು. ಅವಳು ಕೂತಿದ್ದ ಚಾಪೆ ಇನ್ನೂ ಬೆಚ್ಚಗಿತ್ತು, ಅವಳಿರಲಿಲ್ಲ. ಕಡತವೂ ಇರಲಿಲ್ಲ.

ದ್ಯಾವಿ ಅರಮನೆಗೆ ಓಡಿದಳು. ಅರಸು ಮುಖ ಸಣ್ಣದು ಮಾಡಿಕೊಂಡು, "ಇಡೀ ರಾಜ್ಯ ಉಳೀತಲ್ಲ ಮಗಳೇ, ಹೋದದ್ದು ಒಬ್ಬಳು ತಾನೇ" ಅಂದ.

"ನಿಮಗೆ ಒಬ್ಬಳು, ಬುದ್ಧಿ. ನನಗೆ ಇದ್ದದ್ದೇ ಒಬ್ಬಳು" ಎಂದಳು ದ್ಯಾವಿ. ಬಿದ್ದಿದ್ದ ಬಳಪವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮಂಜಿನ ದಿಕ್ಕಿಗೆ ನಡೆದಳು.

ಒಂದು ದಿನ ನಡೆದಳು, ಎರಡು ದಿನ ನಡೆದಳು. ಮೂರನೆಯ ದಿನ ಆನೆಯಷ್ಟು ದೊಡ್ಡ ಮುಳ್ಳುಹಂದಿ ದಾರಿಗೆ ಅಡ್ಡ ಮಲಗಿತ್ತು. ಅದರ ಮುಳ್ಳಿಗೆ ಪಂಡಿತರ ಶಾಲುಗಳು ಸಿಕ್ಕಿಕೊಂಡು ಗಾಳಿಗೆ ಆಡುತ್ತಿದ್ದವು.

"ಪಟ್ಟಿ ಅಂದರೆ ಏನು?" ಎಂದು ಕೇಳಿತು ಮುಳ್ಳುಹಂದಿ. "ತಪ್ಪು ಹೇಳಿದರೆ ನಿನ್ನ ಸೆರಗೂ ಇಲ್ಲೇ."

"ಇವರೆಲ್ಲ ಏನು ಹೇಳಿದರು?"

"ಒಬ್ಬ ನಾಲ್ಕು ಸಾಲಿನ ಶ್ಲೋಕ ಹೇಳಿದ. ಇನ್ನೊಬ್ಬ ಅದಕ್ಕೆ ವ್ಯಾಖ್ಯಾನ ಹೇಳಿದ. ನನಗೆ ನಿದ್ದೆ ಬಂತು."

ದ್ಯಾವಿ ಅಲ್ಲೇ ಕಲ್ಲಿನ ಮೇಲೆ ಕೂತಳು. "ಶ್ಲೋಕ ನನಗೆ ಬರಲ್ಲ. ನಮ್ಮೂರಲ್ಲಿ ಸಂತೆಗೆ ಹೋಗೋನು ಪಟ್ಟಿ ಕೇಳ್ತಾನೆ, ಉಪ್ಪು ಮರೆತು ಬಂದ್ರೆ ಹೆಂಡತಿ ಬಯ್ತಾಳಲ್ಲ ಅಂತ. ಮದುವೆ ಮನೆಯೋರು ಕೇಳ್ತಾರೆ, ಸೋದರತ್ತೆನ ಕರೀದಿದ್ರೆ ಮೂರು ತಲೆಮಾರು ಮಾತು ಬಿಡ್ತಾರಲ್ಲ ಅಂತ. ಸಾವಿನ ಮನೆಯೋರೂ ಕೇಳ್ತಾರೆ. ದುಃಖದಲ್ಲಿ ಅವರಿಗೆ ಏನೂ ನೆನಪಿರಲ್ಲ, ಪಾಪ. ಮನುಷ್ಯರು ಮರೀತಾರೆ. ಮರೀಬಾರದ್ದನ್ನ ಒಂದರ ಕೆಳಗೊಂದು ಕೈ ಹಿಡಿಸಿ ನಿಲ್ಲಿಸೋದೇ ಪಟ್ಟಿ."

ಮುಳ್ಳುಹಂದಿ ಮುಳ್ಳು ಮಡಿಸಿ ಪಕ್ಕಕ್ಕೆ ಸರಿಯಿತು. "ಎಷ್ಟು ವರ್ಷದ ಮೇಲೆ ನನಗೆ ಅರ್ಥವಾಗೋ ಹಾಗೆ ಹೇಳಿದೆ. ಹೋಗು ತಾಯಿ."

ಮುಂದೆ ಹೊಳೆ. ನೀರಿಗೆ ಬದಲು ಮಂಜು ಹರಿಯುತ್ತಿತ್ತು. ದಡದಲ್ಲಿ ಹಿತ್ತಾಳೆಯ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿತ್ತು. ಅದರ ಮುಂದೆ ಒಂದು ಕಿರೀಟ, ಒಂದು ಒನಕೆ, ಒಂದು ಗಿಲಕಿ.

"ಪಟ್ಟಿಯಲ್ಲಿ ಯಾವುದು ಮೊದಲು?" ಎಂದಿತು ಕೊಕ್ಕರೆ. "ಸರಿಯಾಗಿ ಹೇಳಿದರೆ ದಾಟಿಸುತ್ತೇನೆ. ತಪ್ಪಿದರೆ ಮಂಜಿಗೆ ಎಸೆಯುತ್ತೇನೆ."

ದ್ಯಾವಿ ಮೂರನ್ನೂ ನೋಡಿದಳು. ಬೆಲೆ ನೋಡಿದರೆ ಕಿರೀಟ ಮೊದಲು, ಉದ್ದ ನೋಡಿದರೆ ಒನಕೆ. ಅವಳು ಎರಡನ್ನೂ ಹೇಳಲಿಲ್ಲ.

"ಯಾರ ಪಟ್ಟಿ ಇದು?" ಎಂದು ಕೇಳಿದಳು.

ಕೊಕ್ಕರೆ ಮಡಿಸಿದ್ದ ಕಾಲನ್ನು ಕೆಳಗಿಟ್ಟಿತು. "ಅದನ್ನು ಯಾಕೆ ಕೇಳುತ್ತೀ?"

"ಅರಸಂದಾದ್ರೆ ಕಿರೀಟ. ಭತ್ತ ಕುಟ್ಟೋಳ್ದಾದ್ರೆ ಒನಕೆ. ಕೂಸು ಅಳ್ತಾ ಇರೋ ಮನೇದಾದ್ರೆ ಗಿಲಕಿಗಿಂತ ಮೊದಲು ಬೇರೆ ಏನೂ ಇಲ್ಲ. ಯಾರಿಗೆ ಅಂತ ಗೊತ್ತಿಲ್ದೆ ನಮ್ಮವ್ವ ಬಳಪಾನೇ ಮುಟ್ಟಲ್ಲ."

"ನೂರು ವರ್ಷದಿಂದ ಎಲ್ಲರೂ ಉತ್ತರ ಹೇಳಿದರು, ಯಾರೂ ಇದನ್ನು ಕೇಳಲಿಲ್ಲ" ಎಂದು ಕೊಕ್ಕರೆ ಬೆನ್ನು ಬಗ್ಗಿಸಿತು. ದ್ಯಾವಿ ಹತ್ತಿ ಕೂತು ಹೊಳೆ ದಾಟಿದಳು.

ಆಚೆ ದಡದಲ್ಲಿ ಗುಳುಂಬನ ಅರಮನೆ. ಒಳಗೆ ಯಾವ ಯಾವ ನಾಡಿನ ಪಟ್ಟಿಗಳಿಂದಲೋ ಬಿಟ್ಟುಹೋದವರೆಲ್ಲ ಕಲ್ಲಾಗಿ ನಿಂತಿದ್ದರು. ನೀರು ಹೊರುವವರು, ಸೂಲಗಿತ್ತಿಯರು, ಒಬ್ಬ ಮುದಿ ಬಾವ, ಎಣಿಸುವಾಗ ಮನೆಯಲ್ಲಿರದ ಮಕ್ಕಳು. ಕೊನೆಯಲ್ಲಿ ಸಂಕವ್ವ, ಬಳಪ ಹಿಡಿದಂತೆ ಬೆರಳು ಮಡಿಸಿಕೊಂಡು. ದ್ಯಾವಿ ಹೋಗಿ ಆ ಕಲ್ಲಿನ ಕೆನ್ನೆಗೆ ಅಂಗೈ ಇಟ್ಟಳು. ತಣ್ಣಗಿತ್ತು.

"ಕರ್ಕೊಂಡು ಹೋಗು, ಬೇಡ ಅಂದೋರ್ಯಾರು?" ಎಂದ ಗುಳುಂಬ, ಏಳ್ಕೆರೆಯ ಕಡತವನ್ನು ಮಡಿಲಲ್ಲಿಟ್ಟುಕೊಂಡು. "ನಿಮ್ಮವ್ವನದೊಂದು ಪಟ್ಟಿ ಬರೆ. ಪೂರ್ತಿ ಇರಬೇಕು. ಬರೆದು ಗೆರೆ ಎಳೆ. ಒಂದೇ ಒಂದು ಬಿಟ್ಟರೂ ನೀನೂ ಇಲ್ಲೇ ಕಲ್ಲು." ಕಡತದ ಖಾಲಿ ಮಡಿಕೆಯನ್ನು ಅವಳ ಮುಂದೆ ಬಿಚ್ಚಿದ.

ದ್ಯಾವಿ ಬರೆದಳು. ಎಡಗೈ ಮೇಲೆ ಸುಟ್ಟ ಗಾಯ. ಬರೆಯುವಾಗ ನಾಲಿಗೆ ತುದಿ ಹೊರಗೆ. ಮಗಳಿಗೆ ಜ್ವರ ಬಂದರೆ ಹೇಳುವ ಅದೇ ಹಳೆಯ ಕತೆ. ಬರೆದಳು, ಬರೆದಳು, ಮಡಿಕೆ ತುಂಬಿತು.

ಗುಳುಂಬ ಬಗ್ಗಿ ಓದಿ ಹಲ್ಲು ಕಿರಿದ. "ಇದೆಲ್ಲ ಅವಳು ನಿನಗೆ ಮಾಡಿದ್ದು. ಅವಳಿಗೆ ಏನಿಷ್ಟ? ಅದೆಲ್ಲಿ?"

ಬಳಪ ನಿಂತಿತು. ಅರಸನಿಗೆ ಲಾಡು ಇಷ್ಟ, ನೆರೆಮನೆ ಮುದುಕನಿಗೆ ನೆನೆಸಿದ ಅವಲಕ್ಕಿ ಇಷ್ಟ, ದ್ಯಾವಿಗೆ ಕಡಲೆಬೇಳೆ ಹೂರಣ ಇಷ್ಟ. ಅವ್ವನಿಗೆ? ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ ಅವಳಿಗೆ ಗೊತ್ತಿರಲಿಲ್ಲ. ಕಣ್ಣು ಮಂಜಾಯಿತು.

"ಗೆರೆ ಎಳೆ" ಎಂದ ಗುಳುಂಬ.

"ನನಗೆ ಗೊತ್ತಿಲ್ಲ."

"ಗೆರೆ ಎಳೆ."

"ಅವಳನ್ನೇ ಕೇಳ್ಬೇಕು."

"ಗೆರೆ ಎಳೆ ಅಂದೆ!" ಈ ಸಲ ಅವನ ದನಿ ನಡುಗಿತು. ಅದನ್ನು ಕೇಳಿ ದ್ಯಾವಿ ತಲೆ ಎತ್ತಿದಳು. ಗೆರೆ ಬೇಕಾಗಿದ್ದದ್ದು ಅವನಿಗೆ.

"ಎಳೆಯಲ್ಲ, ಅಯ್ಯಾ" ಎಂದಳು ಮೆಲ್ಲಗೆ. "ಗೊತ್ತಿಲ್ಲದ್ದು ಇನ್ನೂ ಇದೆ ಅಂದ್ಮೇಲೆ ಪಟ್ಟಿ ಮುಗಿದಿಲ್ಲ. ಪಟ್ಟಿ ಮುಗಿದ ಮೇಲೆ ಅಂತ ತಾನೇ ನಿನ್ನ ಮಾತು? ಹಾಗಾದ್ರೆ ನಮ್ಮವ್ವ ಬರೆದದ್ದೂ ಮುಗಿದಿರಲಿಲ್ಲ. ಒಬ್ಬಳನ್ನ ಬಿಟ್ಟು ಎಳೆದ ಗೆರೆ ಅದು."

ಕಡತದ ಹಿಂದಿನ ಮಡಿಕೆ ತಿರುವಿ, ಅವ್ವ ಎಳೆದಿದ್ದ ಗೆರೆಯನ್ನು ಹೆಬ್ಬೆರಳಲ್ಲಿ ಒರೆಸಿದಳು. ಆ ಜಾಗದಲ್ಲಿ ಬರೆದಳು: ಸಂಕವ್ವ. ಅದರ ಕೆಳಗೆ ಏನೂ ಎಳೆಯಲಿಲ್ಲ.

ಗುಳುಂಬನ ಹೊಟ್ಟೆ ಗಾಳಿ ಹೋದ ಕಮ್ಮಾರನ ತಿದಿಯಂತೆ ಇಳಿಯಿತು. ಕಲ್ಲುಗಳು ಒಂದೊಂದಾಗಿ ಉಸಿರು ಬಿಟ್ಟವು. ಸೂಲಗಿತ್ತಿಯೊಬ್ಬಳು ಆಕಳಿಸಿ, "ಹೆರಿಗೆ ಯಾರ ಮನೇಲಿ?" ಎಂದಳು. ಸಂಕವ್ವ ಕಣ್ಣು ಬಿಟ್ಟು ಮಗಳನ್ನು ನೋಡಿ, "ಏನೇ ಇಷ್ಟು ಸೊರಗಿದೀಯ" ಅಂದಳು. ದ್ಯಾವಿ ಅವಳ ಹೆಗಲಿಗೆ ಮುಖ ಒತ್ತಿದಳು.

ಗುಳುಂಬ ಈಗ ಬಡಕಲು ಮುದುಕ, ಮಾಯೆಯೆಲ್ಲ ಇಳಿದುಹೋಗಿತ್ತು. ಬಾಗಿಲ ಬಳಿ ನಿಂತು, "ನನ್ನನ್ನ ಯಾವ ಪಟ್ಟೀಲೂ ಯಾರೂ ಬರೀಲಿಲ್ಲ" ಎಂದು ಗೊಣಗಿದ.

ಸಂಕವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬರೀತೀನಿ ಬಾ. ಆದ್ರೆ ಸದ್ಯಕ್ಕೆ ಕೋಳಿಗಳ ಹೆಸರಿನ ಕೆಳಗೆ."

ಹೊಳೆ ದಾಟಿದರು, ಮುಳ್ಳುಹಂದಿಗೆ ಕೈ ಮುಗಿದರು. ದಾರಿಯಲ್ಲಿ ದ್ಯಾವಿ ಕೇಳಿದಳು, "ಅವ್ವಾ, ನಿನಗೆ ಏನಿಷ್ಟ?"

"ನನಗೇನೇ. ಎಲ್ಲಾ ಇಷ್ಟಾನೇ."

"ಹಾಗಲ್ಲ. ಹೇಳು."

ಸಂಕವ್ವ ಒಂದು ಬೆಟ್ಟ ಇಳಿಯುವ ತನಕ ಯೋಚಿಸಿದಳು. "ರೊಟ್ಟಿ" ಎಂದಳು ಕೊನೆಗೆ, ನಾಚಿಕೊಂಡು. "ಯಾರಾದ್ರೂ ಬೇರೆಯೋರು ಬಡಿದು, ಬಿಸಿಬಿಸಿ ತಟ್ಟೆಗೆ ಹಾಕಿದ್ದು."

ಅರಸು ಚೌಕಾಬಾರದ ಮಣೆಯನ್ನು ಒಲೆಗೆ ಹಾಕಿ, ಅದರ ಕೆಂಡದ ಮೇಲೆ ಊರಿಗೆಲ್ಲ ಅಡುಗೆ ಮಾಡಿಸಿದ. ದ್ಯಾವಿ ರೊಟ್ಟಿ ಬಡಿದಳು. ಸಂಕವ್ವ ಪಂಕ್ತಿಯಲ್ಲಿ ಕೂತಳು, ಯಾರೂ ನಗಲಿಲ್ಲ. ಮೊದಲನೆಯ ರೊಟ್ಟಿ ಅವಳ ತಟ್ಟೆಗೆ ಬಿತ್ತು. ಅವಳು ಮುರಿದು ಬಾಯಿಗಿಟ್ಟು, ಉಪ್ಪು ಒಂದು ಚಿಟಿಕೆ ಕಡಿಮೆ ಅಂದಳು, ಇನ್ನೆರಡು ಹಾಕಿಸಿಕೊಂಡಳು. ಅಲ್ಲಿ ಅವರೆಲ್ಲ ಉಂಡು ತಣ್ಣಗಿದ್ದರು, ಕೇಳಿದ ನೀವು ಇಲ್ಲಿ ತಣ್ಣಗಿರಿ.