ಆನೆಕಿವಿ ಗಿಡವೂ ಮಧ್ಯಾಹ್ನದವರೂ

ಬೆಲ್ ಹೊಡೆದು ಐದು ನಿಮಿಷವಾಗಿತ್ತು. ಕ್ಲಾಸಿನವರೆಲ್ಲ ಮನೆಗೆ ಓಡಿದ್ದರು. ಚೂಟಿ ಮಾತ್ರ ಬೀರುವಿನ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮೂಗಿನೊಳಗೆ ಸೀಮೆಸುಣ್ಣದ ಪುಡಿ ಹೋಗಿತ್ತು. ಸೀನು ಬಂದರೆ ಕೆಲಸ ಕೆಟ್ಟಿತು ಅಂತ ಮೂಗು ಹಿಡಿದುಕೊಂಡಳು.

ಇವತ್ತು ಕಳ್ಳರು ಸಿಕ್ಕೇ ಸಿಗಬೇಕು.

ಆ ಶಾಲೆಯಲ್ಲಿ ಎರಡು ಶಿಫ್ಟ್. ಬೆಳಗ್ಗೆ ಚೂಟಿಯ ಕ್ಲಾಸು ಕೂರುವ ಕೋಣೆಯಲ್ಲೇ ಮಧ್ಯಾಹ್ನ ಬೇರೆ ಮಕ್ಕಳು ಕೂರುತ್ತಿದ್ದರು. ಬೆಳಗಿನವರು ಅವರ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಆದರೂ ಡಸ್ಟರ್ ಕಾಣದಿದ್ದರೆ "ಮಧ್ಯಾಹ್ನದವರೇ!" ಬೆಂಚಿನ ಮೇಲೆ ಯಾರೋ ಗೀಚಿದ್ದರೆ "ಮಧ್ಯಾಹ್ನದವರೇ!" ಒಂದು ಸಲ ಕ್ಲಾಸಿಗೆ ಇಲಿ ನುಗ್ಗಿದಾಗಲೂ ಹಾಗೇ ಕೂಗಿದ್ದರು, ಪಾಪ, ಆ ಇಲಿ ಯಾವ ಶಿಫ್ಟಿನದೋ.

ಈಗ ಆ ಮಧ್ಯಾಹ್ನದವರು ಆನೆಕಿವಿಯ ತಂಟೆಗೇ ಬಂದಿದ್ದರು.

ಆನೆಕಿವಿ ಅಂದರೆ ಕಿಟಕಿಯ ಪಕ್ಕದ ಕುಂಡದಲ್ಲಿದ್ದ ಗಿಡ. ಒಂದೊಂದು ಎಲೆಯೂ ಊಟದ ತಟ್ಟೆಗಿಂತ ದೊಡ್ಡದು. ವಿಜ್ಞಾನದ ಟೀಚರ್ ತಮ್ಮ ಮನೆಯಿಂದ ತಂದು ಸಾಕಿದ್ದರು. ಕಾಲಿನ ಆಪರೇಷನ್‌ಗೆ ಎರಡು ತಿಂಗಳು ರಜೆ ಹೋಗುವಾಗ ಬೀರುವಿಗೆ ಒಂದು ಚೀಟಿ ಅಂಟಿಸಿದ್ದರು. 'ಹದಿನೈದು ದಿನಕ್ಕೊಮ್ಮೆ ಗೊಬ್ಬರ. ಒಂದು ಬಾಟಲಿ ನೀರಿಗೆ ಅರ್ಧ ಚಮಚ.' ಚೂಟಿ ಯಾರನ್ನೂ ಕೇಳದೆ ಆ ಕೆಲಸ ತನ್ನ ತಲೆಗೆ ಕಟ್ಟಿಕೊಂಡಿದ್ದಳು. ಆ ಗಿಡ ಅಂದರೆ ಅವಳಿಗೆ ಅಷ್ಟು ಪ್ರೀತಿ.

ಸೋಮವಾರ ಟೀಚರ್ ಬರುತ್ತಾರೆ. ಇಲ್ಲಿ ನೋಡಿದರೆ ಎಲೆಗಳ ಅಂಚೆಲ್ಲ ಸುಟ್ಟಂತೆ ಕಂದಾಗಿದೆ. ಎರಡು ಎಲೆ ಹಳದಿಯಾಗಿ ಜೋತುಬಿದ್ದಿವೆ. ಮಣ್ಣಿನ ಮೇಲೆ ಬಿಳಿ ಪುಡಿ ಗಟ್ಟಿಯಾಗಿ ಕೂತಿದೆ. ಗೊಬ್ಬರದ ಬಣ್ಣ ನೀಲಿ, ಹಾಗಾದರೆ ಈ ಬಿಳಿ ಪುಡಿ ಎಲ್ಲಿಂದ ಬಂತು? ಬೀರುವಿನಲ್ಲಿದ್ದ ಗೊಬ್ಬರದ ಪ್ಯಾಕೆಟ್ಟೂ ಬೇಗ ಬೇಗ ಖಾಲಿಯಾಗುತ್ತಿದೆ.

ಬೆಳಗ್ಗೆಯೇ ಚೂಟಿ ಹೆಡ್‌ಮಿಸ್‌ಗೆ ಚೀಟಿ ಬರೆದುಕೊಟ್ಟಿದ್ದಳು. 'ಮಧ್ಯಾಹ್ನದವರು ನಮ್ಮ ಗಿಡಕ್ಕೆ ಬಿಳಿ ಪುಡಿ ಹಾಕಿ ಸಾಯಿಸುತ್ತಿದ್ದಾರೆ. ಗೊಬ್ಬರವನ್ನೂ ಕದಿಯುತ್ತಿದ್ದಾರೆ. ದಯವಿಟ್ಟು ಶಿಕ್ಷೆ ಕೊಡಿ.'

ಹೆಡ್‌ಮಿಸ್ ಕನ್ನಡಕದ ಮೇಲಿಂದ ನೋಡಿದ್ದರು. "ಬೆಲ್ ಆದ್ಮೇಲೆ ಬರ್ತೀನಿ. ಯಾರು ಅಂತ ಗೊತ್ತಾದ್ರೆ ಅವರ ಅಪ್ಪ ಅಮ್ಮನ್ನ ಕರೆಸ್ತೀನಿ" ಅಂದಿದ್ದರು.

ಬಾಗಿಲು ಕಿರ್ ಅಂತು.

ಎರಡು ಜಡೆಯ ಹುಡುಗಿಯೊಬ್ಬಳು ಒಳಗೆ ಬಂದಳು. ಬ್ಯಾಗನ್ನು ಚೂಟಿಯ ಬೆಂಚಿನ ಮೇಲೆಯೇ ಇಟ್ಟಳು! ಆ ಕಡೆ ಈ ಕಡೆ ನೋಡಿದಳು. ಬೀರುವಿನಿಂದ ಪ್ಯಾಕೆಟ್ ತೆಗೆದು, ಬಾಟಲಿಗೆ ಏನೋ ಸುರಿದು, ಗಲಗಲ ಅಲ್ಲಾಡಿಸಿದಳು. ಕುಂಡದ ಹತ್ತಿರ ಹೋಗಿ ಬಾಟಲಿ ಬಗ್ಗಿಸಿದಳು.

"ಸಿಕ್ಕಿಬಿದ್ದೆ!" ಚೂಟಿ ಹಾರಿ ಅವಳ ಕೈ ಹಿಡಿದಳು. ಅರ್ಧ ನೀರು ಇಬ್ಬರ ಕಾಲ ಮೇಲೆ ಚೆಲ್ಲಿತು.

"ಅಯ್ಯೋ! ಯಾರು ನೀನು? ಬಿಡು ಕೈನ!"

"ಬಿಡಲ್ಲ! ವಿಷ ಹಾಕ್ತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ವಿಷಾನಾ? ಗೊಬ್ಬರ ಕಣೇ ಇದು! ಹಾಕದಿದ್ರೆ ಗಿಡ ಸತ್ತೇ ಹೋಗುತ್ತೆ. ನೋಡು ಹೇಗಾಗಿದೆ!" ಅವಳು ಹಳದಿ ಎಲೆಯತ್ತ ಬೆರಳು ತೋರಿಸಿದಳು. "ಎರಡು ತಿಂಗಳಿಂದ ನಾನೇ ನೋಡ್ಕೊಳ್ತಿದ್ದೀನಿ."

"ಸುಳ್ಳು! ನೋಡ್ಕೊಳ್ತಿರೋದು ನಾನು. ಪ್ರತಿ ಸೋಮವಾರ ಗೊಬ್ಬರ ಹಾಕ್ತೀನಿ."

"ಪ್ರತಿ ಸೋಮವಾರಾನಾ? ಹದಿನೈದು ದಿನಕ್ಕೊಮ್ಮೆ ತಾನೆ ಬರೆದಿರೋದು?"

ಚೂಟಿ ತಡವರಿಸಿದಳು. "ಎಲೆ ಬಾಡ್ತಿತ್ತಲ್ಲ. ಪಾಪ, ಹೊಟ್ಟೆಗೆ ಸಾಲ್ತಿಲ್ಲ ಅಂತ ವಾರಕ್ಕೊಂದು ಸಲ ಶುರು ಮಾಡ್ದೆ. ಆಮೇಲೆ ಒಂದು ಚಮಚ ಮಾಡ್ದೆ."

ಎರಡು ಜಡೆಯವಳು ಅವಳನ್ನೇ ಮಿಕಮಿಕ ನೋಡಿದಳು. "ನಾನೂ ಹಾಗೇ ಮಾಡ್ದೆ. ಪ್ರತಿ ಗುರುವಾರ."

ಚೂಟಿ ಪ್ಯಾಕೆಟ್ ಕಿತ್ತುಕೊಂಡು ಹಿಂದೆ ತಿರುಗಿಸಿದಳು. ಇರುವೆಯಷ್ಟು ಸಣ್ಣ ಅಕ್ಷರ. ಇಷ್ಟು ದಿನ ಅವಳು ಅದನ್ನು ಓದಿಯೇ ಇರಲಿಲ್ಲ. 'ಹೆಚ್ಚಾದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಬೇರು ಮತ್ತು ಎಲೆಯ ಅಂಚು ಸುಡುತ್ತವೆ.'

ಬಿಳಿ ಉಪ್ಪು!

ಅಷ್ಟರಲ್ಲಿ ವರಾಂಡದಲ್ಲಿ ಬೀಗದಕೈ ಗೊಂಚಲಿನ ಸದ್ದು ಕೇಳಿಸಿತು. ಹೆಡ್‌ಮಿಸ್!

"ಯಾಕೆ ಬರ್ತಿದ್ದಾರೆ?" ಎರಡು ಜಡೆಯವಳು ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ನೀನು ಹೇಳಿದ್ಯಾ?"

ಚೂಟಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದಿನ ಬಾಗಿಲು ತೆರೆದೇ ಇತ್ತು. ತಾನು ಈಗ ಓಡಿಹೋದರೆ ಸಿಗುವುದು ಎರಡು ಜಡೆಯವಳೊಬ್ಬಳೇ. ಬಾಟಲಿ ಅವಳ ಕೈಯಲ್ಲಿದೆ, ಚೀಟಿಯಲ್ಲೂ ಮಧ್ಯಾಹ್ನದವರು ಅಂತಲೇ ಇದೆ.

ಹೆಡ್‌ಮಿಸ್ ಒಳಗೆ ಬಂದೇಬಿಟ್ಟರು. ಒದ್ದೆ ನೆಲ ನೋಡಿದರು, ಬೆನ್ನ ಹಿಂದಿಂದ ಇಣುಕುತ್ತಿದ್ದ ಬಾಟಲಿ ನೋಡಿದರು. "ಓಹೋ. ಇವಳೇನಾ?"

ಎರಡು ಜಡೆಯವಳ ಕಣ್ಣಲ್ಲಿ ನೀರು ತುಂಬಿತು. "ಮಿಸ್, ಅಮ್ಮನ್ನ ಕರೆಸ್ಬೇಡಿ ಮಿಸ್..."

ಚೂಟಿಯ ಕಾಲು ಬಾಗಿಲ ಕಡೆಗೇ ಎಳೆಯುತ್ತಿತ್ತು. ಆದರೂ ಒಂದು ಹೆಜ್ಜೆ ಮುಂದೆ ಬಂದಳು.

"ಮಿಸ್, ಚೀಟೀಲಿ ನನ್ನ ಹೆಸರು ಬಿಟ್ಟುಹೋಗಿದೆ."

"ಏನಂದೆ?"

"ಬಿಳಿ ಪುಡಿ ಯಾರೂ ಹಾಕಿದ್ದಲ್ಲ ಮಿಸ್, ಗೊಬ್ಬರದ ಉಪ್ಪು ಅದು. ಅವಳೂ ಹಾಕಿದ್ದಾಳೆ, ನಾನೂ ಹಾಕಿದ್ದೀನಿ. ಅವಳಿಗೆ ಶಿಕ್ಷೆ ಕೊಟ್ರೆ ನನಗೂ ಕೊಡಿ."

ಹೆಡ್‌ಮಿಸ್ ಕುಂಡದ ಹತ್ತಿರ ಬಗ್ಗಿ ಉಗುರಿನಿಂದ ಮಣ್ಣು ಕೆರೆದರು.

"ಬೆಳಗ್ಗೆ ಒಂದು ಮನೇಲಿ ಊಟ, ಮಧ್ಯಾಹ್ನ ಇನ್ನೊಂದು ಮನೇಲಿ ಊಟ" ಎಂದರು ಕೊನೆಗೆ. "ಹೊಟ್ಟೆ ಕೆಡದೆ ಇನ್ನೇನಾಗುತ್ತೆ? ಹೊತ್ಕೊಳ್ಳಿ, ನಲ್ಲಿ ಹತ್ರ ನಡೀರಿ. ಮೇಲಿನ ಉಪ್ಪೆಲ್ಲ ಕೆರೆದುಹಾಕಿ, ಬರೀ ನೀರು ಹುಯ್ಯಿರಿ. ಕೆಳಗಿನ ತೂತಿಂದ ಎಲ್ಲ ತೊಳೆದು ಹೋಗ್ಲಿ." ಆಮೇಲೆ ಚೂಟಿ ಬರೆದ ಚೀಟಿ ಚಾಚಿದರು. "ಇದನ್ನೇನು ಮಾಡ್ಲಿ?"

ಚೂಟಿ ಅದನ್ನು ನೆಲದ ಮೇಲೆ ಹರಡಿದಳು. ಕೆರೆದ ಬಿಳಿ ಉಪ್ಪನ್ನೆಲ್ಲ ಅದರ ಮೇಲೇ ಹಾಕಿ ಪೊಟ್ಟಣ ಕಟ್ಟಿದಳು.

ನಲ್ಲಿಯ ಕೆಳಗೆ ಇಬ್ಬರೂ ಚೊಂಬು ಚೊಂಬು ನೀರು ಹುಯ್ದರು. ಕುಂಡದ ತೂತಿನಿಂದ ಮೊದಲು ಕಂದು ನೀರು ಬಂತು, ಆಮೇಲೆ ಮೆಲ್ಲಗೆ ತಿಳಿಯಾಯಿತು.

"ಬದುಕುತ್ತಾ?" ಎರಡು ಜಡೆಯವಳು ಕೇಳಿದಳು.

"ಗೊತ್ತಿಲ್ಲ" ಎಂದಳು ಚೂಟಿ. "ಸಾರಿ ಕಣೇ. ಸೋಮವಾರ ಟೀಚರ್‌ಗೆ ನಾನೇ ಹೇಳ್ತೀನಿ."

"ಇಬ್ರೂ ಹೇಳೋಣ. ನಾನು ಬೇಗ ಬರ್ತೀನಿ."

ಮರುದಿನ ಬೆಳಗ್ಗೆ ಆನೆಕಿವಿಯ ಎಲೆಗಳು ಹಾಗೇ ಜೋತುಬಿದ್ದಿದ್ದವು. ನಡುವೆ ಸುರುಳಿ ಸುತ್ತಿಕೊಂಡ ಎಳೆ ಎಲೆಯೊಂದು ಮಾತ್ರ ಹಸಿರಾಗಿತ್ತು. ಚೂಟಿ ಅದನ್ನು ಮುಟ್ಟದೆ ಬಹಳ ಹೊತ್ತು ನೋಡಿದಳು.

"ಡಸ್ಟರ್ ಕಾಣ್ತಿಲ್ಲ!" ಯಾರೋ ಕೂಗಿದರು.

"ಮಧ್ಯಾಹ್ನದವರೇ!" ಇಡೀ ಕ್ಲಾಸು ಒಂದೇ ದನಿಯಲ್ಲಿ ಕಿರುಚಿತು.

ಚೂಟಿ ಮಾತ್ರ ಮೊಣಕಾಲೂರಿ ಮೊದಲು ತನ್ನ ಬೆಂಚಿನ ಕೆಳಗೆ ಬಗ್ಗಿ ನೋಡಿದಳು.