ಟೀಚರಮ್ಮನ ಟ್ರಂಕು

ಟ್ರಂಕು ಬಾಯಿ ತೆರೆದು ಬಿದ್ದಿತ್ತು. ಬೀಗ ಒಡೆದಿತ್ತು. ಒಳಗೆ ನುಸಿಗುಳಿಗೆ ಇತ್ತು, ಒಂದು ಹಳೇ ಪಂಚಾಂಗ ಇತ್ತು. ದುಡ್ಡು ಇರಲಿಲ್ಲ.

1979ರ ಬೇಸಿಗೆ, ಶನಿವಾರ ಬೆಳಿಗ್ಗೆ. ಗುಬ್ಬಿಯ ಪ್ರೈಮರಿ ಸ್ಕೂಲ್ ಟೀಚರ್ ರಂಗಲಕ್ಷ್ಮಮ್ಮ ಸುಣ್ಣ ಬಳಿದ ಕೋಣೆಯಲ್ಲಿ ಕುಸಿದು ಕುಳಿತಿದ್ದರು. ಸೋಮವಾರ ತುಮಕೂರಿನಲ್ಲಿ ಸೈಟಿನ ರಿಜಿಸ್ಟ್ರೇಷನ್. ಅಂದು ದುಡ್ಡು ಕೊಡದಿದ್ದರೆ ಸೈಟೂ ಇಲ್ಲ, ಅಡ್ವಾನ್ಸೂ ಇಲ್ಲ. ಗಂಡ ತೀರಿಕೊಂಡ ಮೇಲೆ ತನ್ನದೇ ಒಂದು ಸೂರು ಬೇಕೆಂಬ ಆಸೆಯೊಂದನ್ನೇ ನೆಚ್ಚಿಕೊಂಡಿದ್ದ ಹೆಂಗಸು.

ಹೆಡ್ ಕಾನ್‌ಸ್ಟೇಬಲ್ ಕರಿಸಿದ್ದಪ್ಪ ಬಂದರು. ಅವರ ಹೊಟ್ಟೆ ಮೊದಲು ಬಂತು, ಅವರು ಆಮೇಲೆ.

"ಎಷ್ಟಿತ್ತು ಟೀಚರಮ್ಮ?"

"ಜುಂಜಂಗೆ ಗೊತ್ತು."

"ನೀವು ಕೊನೇಸಲ ನೋಡಿದ್ದು ಯಾವಾಗ?"

"ನಾನೆಲ್ಲಿ ನೋಡ್ಲಿ? ಬೀಗದ ಕೈ ಅವನ ಹತ್ರಾನೇ ಇರೋದು."

ಜುಂಜಪ್ಪ ಅವರ ತಮ್ಮ. ತೋಟ ಅವನದು, ಮನೆಯಲ್ಲಿ ಇರುವವರು ಇವರಿಬ್ಬರೇ. ತಿಂಗಳು ತಿಂಗಳು ಸಂಬಳದ ಕವರನ್ನು ಒಡೆಯದೆ ತಮ್ಮನ ಕೈಗೆ ಕೊಡುವುದು ಟೀಚರಮ್ಮನ ರೂಢಿ. ದುಡ್ಡಿನ ತಲೆನೋವು ನಿನಗ್ಯಾಕೆ ಎಂದು ಅವನೇ ಹೇಳಿದ್ದ. ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸುವವರು ಸ್ವಂತ ದುಡ್ಡನ್ನು ಒಂದು ಸಲವೂ ಎಣಿಸಿರಲಿಲ್ಲ.

ಕರಿಸಿದ್ದಪ್ಪನವರಿಗೆ ನಗುವ ಧೈರ್ಯ ಬರಲಿಲ್ಲ. ಅವರ ಸಂಬಳದ ಕವರೂ ಹಾಗೇ ಹೆಂಡತಿಯ ಕೈ ಸೇರುತ್ತಿತ್ತು. ಬೀಡಿಗೆ ಕಾಸು ಬೇಕಾದರೆ ಸಾಹೇಬರು ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಕಿತ್ತು.

ಜುಂಜಪ್ಪ ಮುಂದೆ ಬಂದ. ಕತ್ತಿನವರೆಗೆ ಕೂದಲು, ಕಟ್ಟಿದ ಗಂಟಲು. ಅಟ್ಟದ ಮೇಲೆ ಸರಿದಿದ್ದ ಹೆಂಚಿನ ಕಡೆ ಕೈ ಚಾಚಿದ.

"ಆ ತಸ್ಕರನಿಗೆ ಧಿಕ್ಕಾರವಿರಲಿ."

ಕಳ್ಳನನ್ನು ತಸ್ಕರ ಎನ್ನುವವನನ್ನು ಕರಿಸಿದ್ದಪ್ಪ ಗುಬ್ಬಿಯಲ್ಲಿ ಅದೇ ಮೊದಲು ಕಂಡದ್ದು. ಹತ್ತಿರ ಹೋಗಿ ನೋಡಿದರು. ಜುಂಜಪ್ಪನ ಕಿವಿಯ ಹಿಂದೆ ಗುಲಾಬಿ ಬಣ್ಣ ಮೆತ್ತಿತ್ತು.

ಬೀದಿಯವರು ಅಷ್ಟರಲ್ಲಿ ಕಳ್ಳನನ್ನು ಹಿಡಿದೂ ಆಗಿತ್ತು. ಕೊಬ್ಬರಿ ದಲ್ಲಾಳಿ ಮುದ್ದಯ್ಯ. ಕಾಯಿ ಒಣಗಿದೆಯೇ ಎಂದು ಅಲ್ಲಾಡಿಸಿ ನೋಡಲು ಹೋದ ವಾರ ತಾನೇ ಅವನು ಆ ಅಟ್ಟ ಹತ್ತಿದ್ದ. ಬೇರೆ ಸಾಕ್ಷಿ ಯಾಕೆ ಬೇಕು ಎಂಬುದು ಅವರ ವಾದ. ಮುದ್ದಯ್ಯ ಎಲ್ಲರಿಗೂ ಕೈ ಮುಗಿಯುತ್ತಿದ್ದ.

* * *

ಕರಿಸಿದ್ದಪ್ಪ ತಾವೇ ಏಣಿ ಹತ್ತಿದರು. ಅಟ್ಟದ ತುಂಬ ತೆಂಗಿನಕಾಯಿ. ಕೆಳಗೆ ಒಲೆ. ವರ್ಷವಿಡೀ ಆ ಹೊಗೆಯಲ್ಲೇ ಕಾಯಿ ಒಣಗಿ ಕೊಬ್ಬರಿಯಾಗಬೇಕು. ಕಾಯಿ, ತೊಲೆ, ಜಂತೆ ಎಲ್ಲದರ ಮೇಲೂ ಕರಿ.

ಅವರು ಇಳಿದು ಬಂದಾಗ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಜಾರಿ ಗೋಡೆ ಹಿಡಿದರು. ಐದು ಬೆರಳೂ ಗೋಡೆಯ ಮೇಲೆ ಮೂಡಿದವು. ಟ್ರಂಕಿನ ಮೇಲೆ ಕೈಯೂರಿದರು. ಅಲ್ಲೂ ಮೂಡಿದವು.

ಅಷ್ಟು ದುಃಖದಲ್ಲೂ ಟೀಚರಮ್ಮ ಗದರಿದರು. "ಮೊನ್ನೆ ತಾನೆ ಸುಣ್ಣ ಹೊಡ್ಸಿದೀನಿ."

ಕರಿಸಿದ್ದಪ್ಪ ಗೋಡೆ ನೋಡಿದರು. ಟ್ರಂಕು ನೋಡಿದರು. ನೆಲ ನೋಡಿದರು.

"ಬೆಳಿಗ್ಗೆಯಿಂದ ಏನಾದ್ರೂ ಒರೆಸಿದ್ರಾ?"

"ಇಲ್ಲ. ಯಾರೂ ಏನೂ ಮುಟ್ಬಾರ್ದು ಅಂತ ಜುಂಜನೇ ಅಂದ."

"ಮುಂಬಾಗ್ಲು?"

"ಒಳಗಿಂದ ಚಿಲಕ ಹಾಕಿತ್ತು. ಎದ್ದು ನಾನೇ ತೆಗ್ದೆ."

ಕರಿಸಿದ್ದಪ್ಪ ಮುದ್ದಯ್ಯನನ್ನು ಮನೆಗೆ ಕಳಿಸಿದರು. ಮುಖ ತೊಳೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅಲ್ಲೊಂದು ಪೋಸ್ಟರ್ ಅಂಟಿಸಿತ್ತು. ಕುಣಿಗಲ್ಲಿನಲ್ಲಿ ಪೌರಾಣಿಕ ನಾಟಕ.

* * *

ಕುಣಿಗಲ್ಲಿನ ಹಾರ್ಮೋನಿಯಂ ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಅವರ ನಾಟಕದಲ್ಲಿ ಪಾರ್ಟು ಸಿಗುವುದು ಗಂಟಲು ನೋಡಿ ಅಲ್ಲ, ಗಂಟು ನೋಡಿ. ಸೇವಕನಿಗೆ ಸ್ವಲ್ಪ, ಮಂತ್ರಿಗೆ ಜಾಸ್ತಿ, ರಾಜನಿಗೆ ಎಲ್ಲಕ್ಕಿಂತ ಜಾಸ್ತಿ. ಮೂರು ವರ್ಷದಿಂದ ಗುಬ್ಬಿಯವರೊಬ್ಬರು ರಾಜಾಪಾರ್ಟನ್ನು ಬೇರೆಯವರಿಗೆ ಬಿಟ್ಟೇ ಇಲ್ಲವಂತೆ. ಈ ಸಲ ಸ್ವಂತ ಕಿರೀಟವನ್ನೇ ಮಾಡಿಸಿದ್ದಾರಂತೆ. ಶುಕ್ರವಾರ ಮಧ್ಯಾಹ್ನ ಬಣ್ಣ ಹಚ್ಚಿ ಪ್ರಾಕ್ಟೀಸೂ ಆಗಿತ್ತಂತೆ.

* * *

ಭಾನುವಾರ ಕೋಣೆಯಲ್ಲಿ ಎಲ್ಲರೂ ಸೇರಿದರು. ಕರಿಸಿದ್ದಪ್ಪ ಗೋಡೆಯ ಮೇಲಿನ ತಮ್ಮ ಬೆರಳಚ್ಚನ್ನೇ ತೋರಿಸಿದರು.

"ಆ ಅಟ್ಟದಿಂದ ಇಳಿದೋನು ಹಿಂಗೆ ಗುರುತು ಬಿಡ್ದೆ ಹೋಗಕ್ಕಾಗಲ್ಲ. ಇಲ್ಲಿರೋದೆಲ್ಲ ನನ್ನ ಗುರುತೇ. ಅಂದ್ಮೇಲೆ ಅಟ್ಟದಿಂದ ಯಾರೂ ಇಳ್ದಿಲ್ಲ. ಬಾಗ್ಲಿಗೆ ಚಿಲಕ ಹಾಕಿತ್ತು, ಆಚೆಯಿಂದ್ಲೂ ಯಾರೂ ಬಂದಿಲ್ಲ. ಹೆಂಚನ್ನ ಕೆಳಗಿಂದ್ಲೇ ಬಿದಿರು ಗಳದಲ್ಲಿ ಸರಿಸಿದ್ದು, ಬೀಗ ಒಡೆದಿದ್ದು ಮನೆಯೋನೇ. ಟೀಚರಮ್ಮ, ದುಡ್ಡು ತೆಗ್ದುಕೊಡು ಅಂತ ಇವನನ್ನ ಕೇಳಿದ್ದು ಯಾವಾಗ?"

"ಶುಕ್ರವಾರ ಸಂಜೆ."

"ಮೂರು ವರ್ಷದಿಂದ ನಿಮ್ಮ ಸಂಬಳ ಕುಣಿಗಲ್ಲಿನ ರಾಜಾಪಾರ್ಟಿಗೆ ಹೋಗ್ತಿತ್ತು, ಟ್ರಂಕು ಖಾಲಿಯಾಗೇ ಇತ್ತು. ಕಳ್ಳ ಬೇಕಾಗಿದ್ದು ಶುಕ್ರವಾರ ಸಂಜೆ ಮೇಲೆ."

ಜುಂಜಪ್ಪ ರಾಜಗಾಂಭೀರ್ಯದಿಂದ ಎದ್ದು ನಿಂತ. ಅಕ್ಕನ ಮುಖ ನೋಡಿದ. ಕೂತುಬಿಟ್ಟ.

"ಒಂದ್ಸಲ ಅಂತ ತಗೊಂಡೆ ಅಕ್ಕ. ಜನ ಚಪ್ಪಾಳೆ ತಟ್ಟಿದ್ರು."

ರಂಗಲಕ್ಷ್ಮಮ್ಮ ಅತ್ತರು. ಸಂಕಟವಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಕೊನೆಗೆ ಕಣ್ಣೊರೆಸಿಕೊಂಡರು.

"ಕಂಪ್ಲೇಂಟ್ ಬರ್ಕೊಳ್ಳಿ. ದುಡ್ಡು ತಿಂದೋನು ಜುಂಜಪ್ಪ. ಬೀಗದ ಕೈ ಕೊಟ್ಟು ಕಣ್ಮುಚ್ಕೊಂಡು ಕೂತೋಳು ರಂಗಲಕ್ಷ್ಮಮ್ಮ. ಎರಡು ಹೆಸ್ರೂ ಬರೀರಿ."

ಹಾಗೆ ಬರೆಯುವುದಕ್ಕೆ ಯಾವ ಸೆಕ್ಷನ್ನೂ ಇಲ್ಲವೆಂದು ಕರಿಸಿದ್ದಪ್ಪ ತಲೆ ಕೆರೆದುಕೊಂಡರು. ಅದರ ಬದಲು ಮುದ್ದಯ್ಯನನ್ನು ಕರೆಸಿದರು. ಅಟ್ಟದ ಮೇಲಿದ್ದ ಜುಂಜಪ್ಪನ ಕೊಬ್ಬರಿ ಸಂಜೆಯೊಳಗೆ ಮಾರಾಟವಾಯಿತು. ದುಡ್ಡು ಎಣಿಸಲು ಜುಂಜಪ್ಪ ರೂಢಿಯಂತೆ ಕೈ ಚಾಚಿದ. ಅಕ್ಕ ಆ ಕೈಯನ್ನು ಸರಿಸಿ ತಾವೇ ಎಣಿಸಿದರು. ತಪ್ಪಿತು. ಮತ್ತೆ ಎಣಿಸಿದರು. ಮುದ್ದಯ್ಯ ತಾಳ್ಮೆಯಿಂದ ಕಾದ.

ಆದರೂ ಸ್ವಲ್ಪ ಕಡಿಮೆ ಬಿತ್ತು. ಸೋಮವಾರ ಅವರೊಬ್ಬರೇ ತುಮಕೂರಿನ ಬಸ್ ಹತ್ತಿದರು. ಸೈಟಿನ ಮಾಲೀಕ ಇಸಾಕ್ ಸಾಬರ ಎದುರು ಕೂತು, ಉಳಿದದ್ದಕ್ಕೆ ಒಂದು ತಿಂಗಳ ವಾಯಿದೆ ಕೇಳಿ ಪಡೆದರು.

* * *

ಆ ತಿಂಗಳಲ್ಲೇ ಕುಣಿಗಲ್ಲಿನ ನಾಟಕವೂ ಬಂತು. ದುಡ್ಡು ಮೊದಲೇ ಕಟ್ಟಿದ್ದರಿಂದ ರಾಜ ಜುಂಜಪ್ಪನೇ. ರಾಜನ ಹಾಡು ಮೆಚ್ಚಿ ಜನ ರಂಗದ ಮೇಲೆ ಹತ್ತಿ ಅವನ ಎದೆಗೆ ನೋಟು ಚುಚ್ಚಿದರು. ಪ್ರತಿ ಹಾಡು ಮುಗಿದಾಗಲೂ ಟೀಚರಮ್ಮ ಮೆಟ್ಟಿಲು ಹತ್ತಿ, ಪಿನ್ನು ಬಿಚ್ಚಿ, ನೋಟು ತೆಗೆದುಕೊಂಡು ಇಳಿದರು. ಪಕ್ಕದ ಕುರ್ಚಿಯಲ್ಲಿ ಕರಿಸಿದ್ದಪ್ಪ ಕೂತಿದ್ದರು. ಆ ತಿಂಗಳ ಕವರನ್ನು ಅವರು ಹೆಂಡತಿಯ ಎದುರು ಕೂತು ತಾವೇ ಒಡೆದಿದ್ದರು. ಅಂದು ಸೇದುತ್ತಿದ್ದದ್ದು ಸ್ವಂತ ಕಾಸಿನ ಬೀಡಿ.

ಕೊನೆಯ ಅಂಕದಲ್ಲಿ ರಾಜ ಮೀಸೆ ತಿರುವಿ ಗುಡುಗಿದ. "ಎಲೈ ಮಂತ್ರಿಯೇ, ನಮ್ಮ ಬೊಕ್ಕಸದಲ್ಲಿ ಎಷ್ಟಿದೆ?"

ಮುಂದಿನ ಸಾಲಿನಿಂದ ಟೀಚರಮ್ಮ ತಲೆಯೆತ್ತದೆ ಹೇಳಿದರು.

"ತಡಿಯೋ, ಎಣಿಸ್ತಾ ಇದೀನಿ."