ಸೀಸ ಹೊಯ್ದ ನಳಿಗೆ

"ಆ ಬಂದೂಕನ್ನ ಹಾಗೇ ಗೋಡೆಗೆ ತೂಗುಹಾಕು. ನಳಿಗೆ ಬದಲಾಯಿಸಬೇಡ" ಎಂದ ತೋರ್ ಗುಲ್ ಕಾಕಾ.

ಹಾತಮ್ ನಕ್ಕ. "ಬೆಂಕಿ ಕಂಡ್ರೆ ಸೀಸಕ್ಕೆ ಭಯ ಕಾಕಾ. ನನಗ್ಯಾಕೆ?"

"ಕರಾಚಿ ನೀರು ಕುಡಿದೋನು ನೀನು. ನಿನ್ನ ಹತ್ರ ಮಾತಾಡಿ ನನ್ನ ಚಹಾ ಆರಿಹೋಯ್ತು."

ಪೇಶಾವರದ ಹತ್ತಿರದ ದರ್ರಾದ ಬಂದೂಕು ಬಜಾರಿನಲ್ಲಿ ಇಬ್ಬರದೂ ಅಕ್ಕಪಕ್ಕದ ಅಂಗಡಿ. ಕಾಕಾನದು ನಾಲ್ಕು ತಲೆಮಾರಿನ ಬಂದೂಕಿನ ಕಸುಬು. ಹಾತಮ್ ಕರಾಚಿಯ ಹಡಗುಕಟ್ಟೆಯಲ್ಲಿ ಲೇತ್ ಯಂತ್ರದ ಕೆಲಸ ಕಲಿತವನು. ಹೆಂಡತಿ ಜರ್ಮೀನಾಳನ್ನೂ ಆರು ವರ್ಷದ ಮಗಳು ಗೋಟೈಯನ್ನೂ ಕರೆದುಕೊಂಡು ತಂದೆಯ ಊರಿಗೆ ಬಂದು ಎರಡು ಚಳಿಗಾಲ ಕಳೆದಿತ್ತಷ್ಟೆ. ಬ್ರಿಟಿಷರ ಕಾಲದ ಸೈನ್ಯದ ಬಂದೂಕುಗಳಿಗೆ ಹೊಸ ನಳಿಗೆ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಆಗಲೇ ಹೆಸರಾಗಿತ್ತು. ಅದಕ್ಕೇ ಪೇಶಾವರದ ವ್ಯಾಪಾರಿಯೊಬ್ಬ ಈ ಬಂದೂಕನ್ನು ಅವನಲ್ಲಿಗೆ ತಂದಿದ್ದ. ಮೂರು ಅಂಗಡಿಯವರು ಅದನ್ನು ಬಿಚ್ಚಲೊಪ್ಪದೆ ಕಳಿಸಿದ್ದರು. ಆಕ್ರೋಟು ಮರದ ಹಿಡಿ ಇನ್ನೂ ಗಟ್ಟಿಯಾಗಿತ್ತು, ಕುದುರೆ ಸಲೀಸಾಗಿ ಆಡುತ್ತಿತ್ತು. ನಳಿಗೆಯೊಳಗೆ ಮಾತ್ರ ಯಾರೋ ಸೀಸ ಕರಗಿಸಿ ಬಾಯಿಯವರೆಗೂ ಹೊಯ್ದಿದ್ದರು.

ಹೊಯ್ದವಳು ತೀರಾಹ್ ಬೆಟ್ಟಗಳ ಕಡೆಯ ಬಖ್ತಮೀನಾ ಎಂಬಾಕೆ ಎಂದು ಕಾಕಾ ಹೇಳಿದ್ದ. ಅವಳ ಹಿರಿಯ ಮಗ ಮುಸ್ಸಂಜೆಯಲ್ಲಿ ಜೋಳದ ಹೊಲದೊಳಗೆ ಸದ್ದಾಯಿತೆಂದು, ಶತ್ರುವೇ ಇರಬೇಕೆಂದು ಇದೇ ಬಂದೂಕಿನಿಂದ ಗುಂಡು ಹಾರಿಸಿದ. ಸತ್ತವನು ಅವಳ ಕಿರಿಮಗ. ಬೀಳುವಾಗ ಹುಡುಗ ಅಮ್ಮನನ್ನು ಕೂಗಿದನಂತೆ. ಗುಂಡಿನ ಸದ್ದಿನಲ್ಲಿ ಅವಳಿಗದು ಕೇಳಿಸಲಿಲ್ಲ. ನಲವತ್ತನೆಯ ದಿನ ಅವಳು ಮಾಟ ಬಲ್ಲ ಒಬ್ಬನನ್ನು ಕರೆಸಿದಳು. ಮಗನ ಗೋರಿಯ ಮಣ್ಣು, ತನ್ನ ತಲೆಗೂದಲು, ಏಳು ಗಂಟಿನ ಕಪ್ಪು ದಾರ, ಇಷ್ಟನ್ನೂ ನಳಿಗೆಗೆ ತುರುಕಿಸಿ ಮೇಲೆ ಸೀಸ ಹೊಯ್ಯಿಸಿದಳು. ಇದನ್ನು ಮತ್ತೆ ಸದ್ದು ಮಾಡಿಸುವವನಿಗೆ ಅವನ ಮಗು ಕರೆದದ್ದು ಎಂದೂ ಕೇಳದಿರಲಿ ಎಂದು ಶಪಿಸಿದಳು.

ಹಾತಮ್‌ಗೆ ಅದು ಮುದುಕರು ಹೊತ್ತು ಕಳೆಯಲು ಹೇಳುವ ಕತೆ. ಮರುದಿನ ನಡುಮಧ್ಯಾಹ್ನ ನಳಿಗೆಯನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ತಿರುಚಿದ. ಅಲುಗಲಿಲ್ಲ. ಹಳೆಯ ತುಕ್ಕು ತಿರುಪಿನ ಸುತ್ತುಗಳನ್ನು ಬೆಸೆದುಬಿಟ್ಟಿತ್ತು. ಗ್ಯಾಸಿನ ಉರಿ ಹಿಡಿದ. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಕಿಟಕಿಯಿಲ್ಲದ ಅಂಗಡಿ, ನೀಲಿ ಉರಿಯೊಂದೇ ಬೆಳಕು. ಹೊರಗೆ ಬಜಾರಿನ ಸುತ್ತಿಗೆಗಳೆಲ್ಲ ಒಟ್ಟಿಗೆ ನಿಂತವು. ಮೊದಲು ಸುಟ್ಟ ಕೂದಲಿನ ವಾಸನೆ ಬಂತು. ಆಮೇಲೆ ಒದ್ದೆ ಮಣ್ಣಿನದು. ಆಮೇಲೆ ಹಸಿ ಜೋಳದ ತೆನೆಯ ಸಿಹಿ ವಾಸನೆ. ಕರಗಿದ ಸೀಸ ತೊಟ್ಟಿಕ್ಕತೊಡಗಿತು. ಒಂದು ಹನಿ. ಇನ್ನೊಂದು. ನಳಿಗೆಯೊಳಗಿನಿಂದ ಉಸಿರು ಬಂತು. ಗಾಳಿಯಿರಬೇಕು ಎಂದುಕೊಂಡ. ಮತ್ತೆ ಬಂತು. ಬಿಕ್ಕಿದಂತಿತ್ತು. ಬಿಡಲಿಲ್ಲ. ತಿರುಚಿದ. ನಳಿಗೆ ಕಳಚಿಕೊಂಡಿತು.

ಮೂರು ದಿನದಲ್ಲಿ ಹೊಸ ನಳಿಗೆ ಕೂರಿತು. ಅಂಗಡಿಯ ಹಿಂದಿನ ಗುಡ್ಡಕ್ಕೆ ಹೋಗಿ ಬಂಡೆಗೆ ಗುರಿಯಿಟ್ಟು ಹಾರಿಸಿದ. ಗುಂಡು ಕೂದಲೆಳೆಯಷ್ಟೂ ತಪ್ಪಲಿಲ್ಲ. ಬರುವಾಗ ಕಾಕಾನ ಅಂಗಡಿಯ ಮುಂದೆ ನಿಂತು, ನೋಡಿ, ಎರಡು ಕಿವಿಯೂ ಸರಿಯಾಗಿವೆ ಎಂದು ರೇಗಿಸಿದ.

ಮನೆಯಲ್ಲಿ ಗೋಟೈ ಓಡಿಬಂದು ಅವನ ಮೊಣಕಾಲು ತಬ್ಬಿದಳು. ತುಟಿ ಆಡುತ್ತಿತ್ತು. ಸದ್ದಿರಲಿಲ್ಲ. ಆಟವಾಡುತ್ತಿದ್ದಾಳೆ ಎಂದುಕೊಂಡು ಅವನೂ ಸದ್ದಿಲ್ಲದೆ ತುಟಿ ಆಡಿಸಿದ. ಅವಳು ನಕ್ಕಳು. ನಗು ಕೇಳಲಿಲ್ಲ. ಬಳೆಯ ಸದ್ದು ಕೇಳಿತು. ತಂದೂರಿನಲ್ಲಿ ರೊಟ್ಟಿ ಚಟಗುಟ್ಟಿದ್ದು ಕೇಳಿತು. ಪಕ್ಕದ ಮನೆಯ ಕುರಿಯ ಕೂಗು ಕೇಳಿತು.

"ಮಗು ಆಗಿಂದ ಏನೋ ಕೇಳ್ತಿದೆ, ಉತ್ತರ ಕೊಡಬಾರದಾ?" ಎಂದಳು ಜರ್ಮೀನಾ.

ಅವನು ಗೋಟೈಯ ಭುಜ ಹಿಡಿದು, ಜೋರಾಗಿ ಹೇಳು ಎಂದ. ಇನ್ನೂ ಜೋರಾಗಿ. ಅವಳ ಕತ್ತಿನ ನರ ಉಬ್ಬಿತು. ಮುಖ ಕೆಂಪಾಯಿತು. ಕಣ್ಣೀರಿಳಿಯಿತು. ಅವನಿಗೆ ಕೇಳಿದ್ದು ಕುರಿಯ ಕೂಗು ಮಾತ್ರ.

ಪೇಶಾವರದ ವೈದ್ಯರು ಇಬ್ಬರನ್ನೂ ಪರೀಕ್ಷಿಸಿ, ಯಾರಲ್ಲೂ ದೋಷವಿಲ್ಲ ಎಂದರು. ಅವನು ವ್ಯಾಪಾರಿಗೆ ಬೆಲೆ ತೆತ್ತು ಬಂದೂಕನ್ನು ಗರಗಸದಿಂದ ತುಂಡುತುಂಡು ಮಾಡಿ ಹೂತ. ಏನೂ ಬದಲಾಗಲಿಲ್ಲ. ಮಳೆಗಾಲದಲ್ಲಿ ಗೋಟೈ ಕಾಲುವೆಗೆ ಬಿದ್ದಳು. ಅವನು ಹದಿನೈದು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಸೌದೆ ಸೀಳುತ್ತಿದ್ದ. ಮಗುವಿನ ಕೂಗು ಕೇಳಿ ಒಳಮನೆಯಿಂದ ಜರ್ಮೀನಾ ಓಡಿಬಂದು ನೀರಿಗೆ ಹಾರಿ ಮಗುವನ್ನು ಎಳೆದುಕೊಂಡಳು.

ಆಗ ಅವನು, ಬಖ್ತಮೀನಾ ಇನ್ನೂ ಬದುಕಿದ್ದಾಳೆಂದು ಕಾಕಾನಿಂದ ತಿಳಿದು, ಅವಳನ್ನು ಹುಡುಕಿಕೊಂಡು ಬೆಟ್ಟ ಹತ್ತಿದ. ಬೆನ್ನು ಬಾಗಿದ ಮುದುಕಿ ಅಂಗಳದಲ್ಲಿ ಏಪ್ರಿಕಾಟು ಹಣ್ಣು ಒಣಹಾಕುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಹಣ್ಣು ಹರವುತ್ತಲೇ ಕೇಳಿದಳು.

"ಮಾಟ ಮಾಡಿದೋನು ಸತ್ತು ಇಪ್ಪತ್ತು ವರ್ಷ ಆಯ್ತು, ಮಗಾ. ತೆಗೆಯೋದು ನನಗೆ ಗೊತ್ತಿಲ್ಲ."

"ನನ್ನ ಮಗಳು ನಿಮಗೇನು ಮಾಡಿದ್ಲು?"

"ಏನೂ ಇಲ್ಲ. ಆವಾಗ ನನ್ನ ಕಣ್ಣಿಗೆ ಬೇರೆಯವರ ಮಕ್ಕಳು ಕಾಣ್ತಿರಲಿಲ್ಲ." ಅವಳ ಬೆರಳುಗಳು ಹಣ್ಣಿನ ಮೇಲೆ ನಿಂತವು. "ಬದುಕಿದ್ದಾಳಲ್ಲಾ?"

"ಹೂಂ."

"ಹಾಗಾದ್ರೆ ಬೇಗ ಮನೆಗೆ ಹೋಗು. ಅವಳ ಮುಖ ನೋಡ್ತಾ ಇರು."

ಅವನು ಅಂಗಡಿ ಮಾರಿದ. ಮಗಳು ಇರುವಾಗ ಬೆನ್ನು ತಿರುಗಿಸುವುದನ್ನೇ ಬಿಟ್ಟ. ಎದುರು ಕೂತು, ತುಟಿ ನೋಡಿ ಮಾತು ಹಿಡಿಯಲು ಕಲಿತ. ಗೋಟೈಯೂ ಬಾಯಿ ಅಗಲಿಸಿ, ನಿಧಾನವಾಗಿ ಮಾತಾಡುವುದನ್ನು ರೂಢಿಸಿಕೊಂಡಳು. ಹೀಗೆ ಹದಿಮೂರು ವರ್ಷ ಕಳೆಯಿತು.

ಮದುವೆಯ ದಿನ, ಮಧ್ಯಾಹ್ನದ ನಮಾಜಿನ ನಂತರ, ಅವಳನ್ನು ಕರೆದೊಯ್ಯಲು ಕಾರು ಬಾಗಿಲಿಗೆ ಬಂತು. ಹೆಂಗಸರು ತಂಬಟೆ ಬಡಿಯುತ್ತಿದ್ದರು; ಪ್ರತಿ ಪೆಟ್ಟೂ ಅವನಿಗೆ ಕೇಳುತ್ತಿತ್ತು. ಎದೆಯವರೆಗೆ ಕೆಂಪು ಮುಸುಕು ಇಳಿಬಿಟ್ಟುಕೊಂಡು ಗೋಟೈ ಅವನೆದುರು ನಿಂತಳು. ತುಟಿ ಕಾಣುತ್ತಿರಲಿಲ್ಲ, ಬಾಯಿಯ ಜಾಗದಲ್ಲಿ ಬಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಗಂಡಿನ ಕಡೆಯವರ ಮುಂದೆ ಅದನ್ನು ಸರಿಸುವಂತಿರಲಿಲ್ಲ. ಜರ್ಮೀನಾ ಚಾದರವನ್ನು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು.

"ಏನಂತೆ ಅವಳು?" ಎಂದು ಅವನು ಕೇಳಿದ.

ಜರ್ಮೀನಾ ಬಾಯಿ ತೆರೆದಳು. ಹೇಳಲಾಗಲಿಲ್ಲ.

ಅವನು ಮಗಳ ತಲೆಯ ಮೇಲೆ ಕೈಯಿಟ್ಟ. "ಹೂಂ, ಮಗಳೇ" ಎಂದ. ಮುಸುಕು ಇನ್ನೂ ಆಡುತ್ತಲೇ ಇತ್ತು. "ಹೂಂ" ಎಂದ ಮತ್ತೊಮ್ಮೆ.